ಉತ್ತರಕ್ಕೆ ನಿಂತ ಮೋಡ

“ಆ ಶನಿವಾರ ಭೂಮಿಗೆ ಏನೂ ಆಗಿಲ್ಲಮ್ಮ,” ಎಂದು ರಾಮಾನುಜ ಲ್ಯಾಪ್‌ಟಾಪನ್ನು ಇಬ್ಬರು ಹೆಂಗಸರ ಕಡೆಗೆ ತಿರುಗಿಸಿದರು.

ಪರದೆಯ ಮೇಲೆ ಆ ದಿನದ ಅಳತೆಯ ಗೆರೆಯೊಂದಿತ್ತು. ಬೆಳಗಾಗುತ್ತ ಏರಿ, ಮಧ್ಯಾಹ್ನ ದಾಟಿದ ಮೇಲೆ ಇಳಿದು, ಆಮೇಲೆ ಮಲಗಿದ ಹಾಗೆ ನೇರವಾಗಿತ್ತು. ಒಂದೇ ಒಂದು ಕಡೆ ಸಣ್ಣಗೆ ಎಗರಿತ್ತು. ಅಷ್ಟೇ.

ವಾಣಿ ಗೆರೆಯನ್ನು ಬಿಟ್ಟು ಪಕ್ಕದಲ್ಲಿ ಕೂತಿದ್ದ ಶಿವರಂಜಿನಿಯನ್ನು ನೋಡಿದಳು. ಶಿವರಂಜಿನಿಗಿನ್ನೂ ಅರ್ಥವಾಗಿರಲಿಲ್ಲ. ಏನೂ ಆಗಿಲ್ಲ ಎಂಬ ಮಾತು ಅವಳ ಕಿವಿಗೆ ಒಳ್ಳೆಯ ಸುದ್ದಿಯಂತೆಯೇ ಕೇಳಿಸಿತ್ತು.

ಶಿವರಂಜಿನಿಯ ಗಂಡ ಮಹಾನಂದ, ಪಾರಿವಾಳದ ರೇಸ್ ಕ್ಲಬ್ಬಿನ ಹಕ್ಕಿಗಳನ್ನೆಲ್ಲ ವ್ಯಾನಿಗೆ ತುಂಬಿಕೊಂಡು, ಕರ್ನೂಲಿನ ಹತ್ತಿರ ಹಾರಿಬಿಡಲೆಂದು ಚಾಮರಾಜಪೇಟೆಯಿಂದ ಹೊರಟು ಮೂರು ವಾರವಾಗಿತ್ತು. ಹಕ್ಕಿಗಳೂ ಗೂಡಿಗೆ ಬಂದಿರಲಿಲ್ಲ, ಅವನೂ ಮನೆಗೆ ಬಂದಿರಲಿಲ್ಲ.

ಇದಕ್ಕೆ ಎಲ್ಲರ ಬಳಿಯೂ ಒಂದೇ ವಿವರಣೆಯಿತ್ತು: ಸೂರ್ಯ. ಸೂರ್ಯನಿಂದ ಕಾಂತದ ಬಿರುಗಾಳಿ ಬರುತ್ತದೆಂದು ಹಕ್ಕಿ ಬಿಡಬೇಕಿದ್ದ ಆ ಶನಿವಾರದ ಹಿಂದಿನ ದಿನವೇ ಪತ್ರಿಕೆಯಲ್ಲಿ ಬಂದಿತ್ತು. ಪಾರಿವಾಳಗಳು ಭೂಮಿಯ ಕಾಂತವನ್ನು ಹಿಡಿದು ದಾರಿ ಹುಡುಕುತ್ತವೆ ಎಂದು ಸಾಕುವವರೆಲ್ಲ ನಂಬುತ್ತಾರೆ. ಕಾಂತ ಕದಡಿತು, ಹಕ್ಕಿಗಳು ದಿಕ್ಕು ತಪ್ಪಿದವು, ಅಷ್ಟೊಂದು ಜನರ ಹಕ್ಕಿಗಳನ್ನು ಕಳೆದ ಮಹಾನಂದ ಮುಖ ತೋರಿಸಲಾರದೆ ಎಲ್ಲೋ ತಲೆಮರೆಸಿಕೊಂಡ. ಪೊಲೀಸರೂ ಹೆಚ್ಚುಕಡಿಮೆ ಇದನ್ನೇ ಬರೆದುಕೊಂಡು ಕೈ ತೊಳೆದುಕೊಂಡಿದ್ದರು.

ಶಿವರಂಜಿನಿಗೆ ಇದು ಕೆಟ್ಟ ಕತೆಯೇನಲ್ಲ. ಈ ಕತೆಯಲ್ಲಿ ಅವಳ ಗಂಡ ಬದುಕಿದ್ದ.

ವಾಣಿಗೆ ಮಾತ್ರ ಒಂದು ಸಂಗತಿ ಚುಚ್ಚುತ್ತಲೇ ಇತ್ತು. ಇಪ್ಪತ್ತು ವರ್ಷ ಪೊಲೀಸ್ ಅಪರಾಧ ವಿಭಾಗದಲ್ಲಿ ದುಡಿದು, ಬೇಸತ್ತು ಬಿಟ್ಟು, ಈಗ ಗಾಂಧಿ ಬಜಾರಿನ ಹೂವಿನಂಗಡಿಯೊಂದರ ಮಹಡಿಯಲ್ಲಿ ಖಾಸಗಿ ಪತ್ತೇದಾರಿಯ ಸಣ್ಣ ಆಫೀಸು ಇಟ್ಟುಕೊಂಡಿದ್ದ ಹೆಂಗಸು ಅವಳು. ಗಂಡನನ್ನು ಹುಡುಕಿಕೊಡಿ ಎಂದು ಶಿವರಂಜಿನಿ ಬಂದ ಮೇಲೆ ಕ್ಲಬ್ಬಿನ ಹಿರಿಯರನ್ನು ಒಬ್ಬೊಬ್ಬರಾಗಿ ಮಾತಾಡಿಸಿದ್ದಳು. ಎಂಥ ಕೆಟ್ಟ ರೇಸಿನಲ್ಲೂ ನಾಲ್ಕಾರು ಹಕ್ಕಿಗಳಾದರೂ ತಡವಾಗಿ, ಸುಸ್ತಾಗಿ, ರೆಕ್ಕೆ ಮುರಿದುಕೊಂಡಾದರೂ ಮರಳುತ್ತವೆ ಎಂದು ಎಲ್ಲರೂ ಹೇಳಿದ್ದರು. ಈ ಸಲ ಒಂದೂ ಬಂದಿರಲಿಲ್ಲ. ಹಾಗಾದರೆ ಆ ಬಿರುಗಾಳಿ ಎಷ್ಟು ದೊಡ್ಡದಿತ್ತು ಎಂದು ತಿಳಿಯಬೇಕಿತ್ತು.

ಅದನ್ನು ಬಲ್ಲವರೆಂದೇ ಮಲ್ಲೇಶ್ವರಂ ಹನ್ನೊಂದನೇ ಕ್ರಾಸಿನ ಈ ಮನೆ ಹುಡುಕಿಕೊಂಡು ಬಂದಿದ್ದಳು. ರಾಮಾನುಜ ಭೂಮಿಯ ಕಾಂತಕ್ಷೇತ್ರವನ್ನು ಅಳೆಯುವ ಕೆಲಸದಲ್ಲೇ ನಿವೃತ್ತರಾದವರು. ತಾನೂ ಬರುತ್ತೇನೆ ಎಂದು ಶಿವರಂಜಿನಿ ಹಟ ಹಿಡಿದಿದ್ದಳು. ದೊಡ್ಡ ಬಿರುಗಾಳಿ ಎಂದು ತಿಳಿದವರ ಬಾಯಿಂದ ಕೇಳಿದರೆ ತನಗೂ ಸಮಾಧಾನ ಎಂದಿದ್ದಳು.

“ಪೇಪರ್‌ನಲ್ಲಿ ಬಂದಿತ್ತಲ್ಲ ಸರ್,” ಎಂದಳು ವಾಣಿ.

ಬಂದಿದ್ದು ಸುಳ್ಳಲ್ಲ ಎಂದರು ರಾಮಾನುಜ. ಈಗ ಸೂರ್ಯನ ಮೇಲೆ ಕಲೆಗಳು ಹೆಚ್ಚಾಗಿರುವ ಕಾಲ. ಆ ಕಲೆಗಳ ಬಳಿ ಅವನ ಕಾಂತಕ್ಷೇತ್ರ ಸಿಕ್ಕುಸಿಕ್ಕಾಗಿರುತ್ತದೆ. ಸಿಕ್ಕು ಬಿಗಿದು ಬಿಗಿದು ಕಡೆಗೊಮ್ಮೆ ಕಿತ್ತುಕೊಂಡಾಗ, ಬೆಂಕಿಯಂಥ ಅನಿಲದ ದೊಡ್ಡ ಮೋಡವೊಂದು ತನ್ನ ಪಾಲಿನ ಕಾಂತವನ್ನೂ ಹೊತ್ತುಕೊಂಡು ಹೊರಬೀಳುತ್ತದೆ. ಇಲ್ಲಿಗೆ ಬರಲು ಎರಡು ದಿನ ಬೇಕು. ಆ ವಾರ ಅಂಥದ್ದೊಂದು ಹೊರಟಿತ್ತು, ನೇರವಾಗಿ ನಮ್ಮ ಕಡೆಗೇ ಬಂದಿತ್ತು, ಶನಿವಾರ ಬೆಳಗಿನ ಜಾವ ತಗುಲಿತ್ತು ಕೂಡ. ಗೆರೆ ಎಗರಿರುವುದು ಆ ಏಟಿಗೇ.

“ಮತ್ತೆ ಏನೂ ಆಗಿಲ್ಲ ಅಂದ್ರಿ?”

“ಏಟು ಬಿದ್ರೆ ಸಾಲ್ದು. ಬಾಗ್ಲು ತೆಗೀಬೇಕು.” ಅವರು ಎರಡೂ ಅಂಗೈಗಳನ್ನು ಎದುರುಬದುರಾಗಿ ಹಿಡಿದರು. “ಇದು ಭೂಮಿ ಕ್ಷೇತ್ರ. ಸೂರ್ಯನ ಎದುರಿಗೆ ಇದು ಉತ್ತರಕ್ಕಿದೆ. ಬರೋ ಮೋಡದ ಕ್ಷೇತ್ರ ದಕ್ಷಿಣಕ್ಕಿದ್ರೆ ಎರಡೂ ಒಂದಕ್ಕೊಂದು ಬೆಸ್ಕೊಂಡ್ಬಿಡ್ತವೆ. ಅಲ್ಲಿಗೆ ಬಾಗ್ಲು ತೆಗೆದಂಗೆ. ಶಕ್ತಿಯೆಲ್ಲ ಒಳಗೆ ನುಗ್ಗುತ್ತೆ, ಭೂಮಿ ಕಾಂತ ದಿನಗಟ್ಟಲೆ ಅಲ್ಲಾಡುತ್ತೆ. ಅದೇ ಮೋಡದ ಕ್ಷೇತ್ರವೂ ಉತ್ತರಕ್ಕಿದ್ರೆ, ಎಷ್ಟೇ ದೊಡ್ಡದಿರಲಿ, ಹೊರಗಡೆಯಿಂದ್ಲೇ ಸವರಿಕೊಂಡು ಹೊರಟುಹೋಗುತ್ತೆ.”

“ಇದು?”

“ಉತ್ತರ. ಮೊದ್ಲಿಂದ ಕೊನೇವರೆಗೂ ಉತ್ತರ.”

ಯಾವ ದಿಕ್ಕು ಎಂಬುದು ಮೋಡ ಸೂರ್ಯನನ್ನು ಬಿಟ್ಟಾಗ ಯಾರಿಗೂ ಸರಿಯಾಗಿ ತಿಳಿಯುವುದಿಲ್ಲವಂತೆ. ಭೂಮಿಗೂ ಸೂರ್ಯನಿಗೂ ನಡುವೆ ನಿಂತ ಉಪಗ್ರಹವನ್ನು ದಾಟುವಾಗಲಷ್ಟೇ ಗೊತ್ತಾಗುವುದು. ಅದರಿಂದಲೇ ಮುನ್ಸೂಚನೆ ಕೊಡುವವರು ಬರಬಹುದು ಎನ್ನುತ್ತಾರೆ. ಬರಬಹುದು ಎಂದಿದ್ದನ್ನು ಪತ್ರಿಕೆಯವರು ಬರುತ್ತದೆ ಎಂದು ಬರೆದರು. ಬರಲಿಲ್ಲ ಎಂದು ಯಾರೂ ಬರೆಯಲಿಲ್ಲ.

ರಾಮಾನುಜರಿಗೆ ಹುರುಪು ಬಂದಿತ್ತು. ಉಪಗ್ರಹದ ಗೆರೆಯನ್ನೂ ತೆಗೆದು ತೋರಿಸಿದರು. “ಇಷ್ಟು ಬಲವಾದ ಮೋಡ, ಇಷ್ಟು ಹೊತ್ತು, ಒಂದ್ಸಲವೂ ದಕ್ಷಿಣಕ್ಕೆ ಹೊರಳದೆ ನಿಂತಿದ್ದು ನಾನು ನೋಡಿರೋದೇ ಅಪರೂಪ. ಎಷ್ಟು ಚೆನ್ನಾಗಿದೆ ನೋಡಿ.”

“ಅಂದ್ರೆ,” ಎಂದಳು ಶಿವರಂಜಿನಿ, “ಪಾರಿವಾಳಗಳಿಗೆ ದಾರಿ ತಪ್ಪಲಿಲ್ವಾ ಸರ್?”

ರಾಮಾನುಜ ಲ್ಯಾಪ್‌ಟಾಪಿನಿಂದ ತಲೆಯೆತ್ತಿದರು. ಈ ಹೆಂಗಸು ಯಾಕೆ ಬಂದಿದ್ದಾಳೆಂಬುದು ಅವರಿಗೆ ಆಗ ನೆನಪಾದಂತಿತ್ತು. ಒಳಗಡೆ ಯಾರೋ ಮಿಕ್ಸಿ ಹಾಕಿದರು. ಅದು ನಿಂತ ಮೇಲೆ ಅವರು ಲ್ಯಾಪ್‌ಟಾಪನ್ನು ಮುಚ್ಚಿದರು.

ಹಕ್ಕಿಗಳ ವಿಷಯ ನನಗೆ ತಿಳಿಯದು ಎಂದರು. ಬಿಸಿಲು, ಗಾಳಿ, ಗಿಡುಗ, ಬೇರೆ ನೂರು ಕಾರಣ ಇರಬಹುದು ಎಂದರು. ಒಂದೊಂದು ಸಲ ಸಣ್ಣ ಏಟಿಗೂ ಗಾಬರಿಯಾಗಬಹುದೇನೋ ಎಂದೂ ಸೇರಿಸಿದರು. ಹಾಗೆನ್ನುವಾಗ ಅವರ ದನಿಯಲ್ಲಿ ಆಗಿನ ಗಟ್ಟಿತನವಿರಲಿಲ್ಲ.

“ನನಗೋಸ್ಕರ ಹೇಳ್ಬೇಡಿ ಸರ್. ಕಾಂತದಿಂದ ಅವು ದಾರಿ ತಪ್ಪೋಕೆ ಸಾಧ್ಯ ಇತ್ತಾ, ಇಲ್ವಾ?”

“ಇರ್ಲಿಲ್ಲಮ್ಮ,” ಎಂದರು ರಾಮಾನುಜ.

* * *

ಸಂಪಿಗೆ ರಸ್ತೆಯ ಕಡೆಗೆ ನಡೆಯುವಾಗ ಶಿವರಂಜಿನಿ ಹಿಂದೆ ಉಳಿದಳು. ಮಾರ್ಕೆಟ್ಟಿನ ಹತ್ತಿರ ಅವರೆಕಾಯಿಯ ರಾಶಿಗಳ ನಡುವೆ ದಾರಿ ಮಾಡಿಕೊಂಡು ಹೋಗುವಷ್ಟರಲ್ಲಿ ಅವಳು ಎರಡು ಸಲ ನಿಂತಳು. ಎರಡು ಸಲವೂ ವಾಣಿ ತಿರುಗಿ ನೋಡಿ ಕಾದಳು.

ವಾಣಿಗೆ ತನ್ನ ಮೇಲೇ ಸಿಟ್ಟಿತ್ತು. ಇವಳನ್ನು ಕರೆತರಬಾರದಿತ್ತು. ಸತ್ಯ ಸಿಕ್ಕಿತೆಂದು ಒಂದು ಕಾಲದಲ್ಲಿ ಅವಳಿಗೆ ಉತ್ಸಾಹ ಬರುತ್ತಿತ್ತು. ಈಗ ಸತ್ಯ ಸಿಕ್ಕಾಗಲೆಲ್ಲ ಯಾರ ಮನೆಯ ದೀಪ ಆರುತ್ತದೋ ಎಂಬ ಲೆಕ್ಕವೇ ಮೊದಲು ಬರುತ್ತಿತ್ತು.

ಮೆಟ್ರೋ ಮೆಟ್ಟಿಲ ಬಳಿ ಶಿವರಂಜಿನಿ ಬಾಯಿಬಿಟ್ಟಳು. ಹಕ್ಕಿಗಳು ದಾರಿ ತಪ್ಪಲಿಲ್ಲ ಅಂದರೆ ಬರಬೇಕಿತ್ತು. ಬರಲಿಲ್ಲ ಅಂದರೆ ಅವನ್ನು ಬಿಟ್ಟೇ ಇಲ್ಲ. ಒಂದೊಂದೇ ಮೆಟ್ಟಿಲು ಇಳಿಯುವವಳ ಹಾಗೆ ಹೇಳಿಕೊಂಡು ಹೋದಳು. ಹಕ್ಕಿಗಳನ್ನು ಬಿಡದೆ ಇರುವವರಲ್ಲ ಅವರು. ರೇಸಿನ ಹಿಂದಿನ ರಾತ್ರಿ ನಿದ್ದೆ ಮಾಡದೆ ಬುಟ್ಟಿಗಳಿಗೆ ನೀರು ಇಡುವವರು.

“ಹಂಗಾದ್ರೆ ಅವರು ಕರ್ನೂಲಿಗೆ ಹೋಗೇ ಇಲ್ಲ ಅಲ್ವಾ ಅಕ್ಕಾ?”

ಅದಕ್ಕೊಂದು ಅಡ್ಡಿಯಿತ್ತು. ಶನಿವಾರ ಬೆಳಿಗ್ಗೆ ಮಹಾನಂದನ ಫೋನಿನಿಂದ ಕ್ಲಬ್ಬಿನ ಕಾರ್ಯದರ್ಶಿಗೆ ಒಂದು ಕರೆ ಹೋಗಿತ್ತು. ಆಗ ಫೋನು ಕರ್ನೂಲಿನ ಹತ್ತಿರವೇ ಇತ್ತೆಂದು ಪೊಲೀಸರ ಬಳಿ ದಾಖಲೆಯಿತ್ತು. ಹಕ್ಕಿಗಳನ್ನು ಬಿಟ್ಟಾಯಿತು ಎಂದು ಮಹಾನಂದನೇ ಹೇಳಿದನೆಂದು ಕಾರ್ಯದರ್ಶಿ ಹೇಳಿಕೆ ಕೊಟ್ಟಿದ್ದ. ಫೋನು ಅಲ್ಲಿಗೆ ಹೋಗಿದ್ದು ನಿಜ. ಅದನ್ನು ಯಾರು ತೆಗೆದುಕೊಂಡು ಹೋದರು ಎಂದು ಫೋನು ಹೇಳುವುದಿಲ್ಲ.

ಕಾರ್ಯದರ್ಶಿ ವಿಶ್ವಾರಾಧ್ಯನ ಲಗ್ನಪತ್ರಿಕೆಯ ಅಂಗಡಿ ಸುಲ್ತಾನ್‌ಪೇಟೆಯಲ್ಲಿ. ತಾನೊಬ್ಬಳೇ ಹೋಗಿಬರುತ್ತೇನೆ, ನೀವು ಮನೆಗೆ ಹೋಗಿ ಎಂದಳು ವಾಣಿ. ಅಷ್ಟರಲ್ಲಿ ಶಿವರಂಜಿನಿಗೆ ಅವಳ ತಂದೆಯ ಫೋನು ಬಂತು. ಗಂಡ ಕಾಣೆಯಾದಾಗಿನಿಂದ ಅವಳು ತವರಿನಲ್ಲೇ ಇದ್ದಳು. ಮಹಾನಂದನನ್ನು ಅಳಿಯನೆಂದು ಎಂದೂ ಒಪ್ಪದ ತಂದೆಯೇ ಬಂದು ಕರೆದೊಯ್ದಿದ್ದರು. ಊಟ ಮಾಡಿದ್ದೇನೆ ಎಂದು ಸುಳ್ಳು ಹೇಳಿ ಫೋನಿಟ್ಟಳು.

“ನಾನೂ ಬರ್ತೀನಿ. ವಾರಕ್ಕೊಂದ್ಸಲ ಅವರ ಅಂಗ್ಡಿಗೆ ಹೋಗಿ ವಿಚಾರಿಸ್ಕೊಂಡು ಬರ್ತಿದ್ದೆ. ಇವತ್ತು ಯಾಕೆ ಬೇಡ?”

ಮೆಟ್ರೋದಲ್ಲಿ ಚಿಕ್ಕಪೇಟೆಯವರೆಗೆ ಅವಳು ಬಾಗಿಲ ಗಾಜಿಗೆ ಹಣೆಯಿಟ್ಟು ನಿಂತಿದ್ದಳು. ಹೊರಗೆ ಸುರಂಗದ ಕತ್ತಲೆಯಲ್ಲದೆ ಇನ್ನೇನೂ ಇರಲಿಲ್ಲ.

* * *

ಅಂಗಡಿಯಲ್ಲಿ ಒಂದು ಸಂಸಾರ ಮದುವೆ ಕಾಗದ ಆರಿಸುತ್ತಿತ್ತು. ಗಣಪತಿ ಚಿನ್ನದ ಬಣ್ಣದಲ್ಲಿರಬೇಕೋ ಕೆಂಪಿನಲ್ಲೋ ಎಂದು ತಾಯಿಗೂ ಮಗಳಿಗೂ ಸಣ್ಣ ಜಗಳ ನಡೆದಿತ್ತು. ವಿಶ್ವಾರಾಧ್ಯ ವಾಣಿಯನ್ನು ಕಂಡು ನಗಲು ಹೋದ. ಹಿಂದೆ ಶಿವರಂಜಿನಿಯನ್ನು ಕಂಡು ಆ ನಗು ಅರ್ಧಕ್ಕೇ ನಿಂತಿತು. ಐವತ್ತು ದಾಟಿದ, ವಿಭೂತಿ ಹಚ್ಚಿದ, ಯಾರಿಗೂ ಗಟ್ಟಿಯಾಗಿ ಮಾತಾಡದ ಮನುಷ್ಯ ಎಂದು ಪೇಟೆಯಲ್ಲಿ ಅವನಿಗೆ ಹೆಸರು.

ಶಿವರಂಜಿನಿ ಮುಂದಿನ ಬೆಂಚಿನ ಮೇಲೆ ಕೂತಳು. ವಾಣಿ ಅವನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ಕಾಗದದ ಬಂಡಲುಗಳು ಸೂರಿನವರೆಗೆ ಏರಿದ್ದವು, ಅಂಟಿನ ವಾಸನೆ ಗಂಟಲಿಗೆ ಬರುತ್ತಿತ್ತು.

ವಾಣಿ ತನ್ನ ಫೋನು ತೆಗೆದು ಕ್ಲಬ್ಬಿನ ವಾಟ್ಸಾಪ್ ಗುಂಪಿಗೆ ಅವನು ಹಾಕಿದ್ದ ಸಂದೇಶವನ್ನು ಮುಂದೆ ಹಿಡಿದಳು. ಸೂರ್ಯನ ಬಿರುಗಾಳಿಯಿದೆ, ಹಕ್ಕಿಗಳು ದಾರಿ ತಪ್ಪಬಹುದು, ಯಾರೂ ಗಾಬರಿಯಾಗಬೇಡಿ ಎಂದು ಬರೆದು, ಪತ್ರಿಕೆಯ ತುಣುಕಿನ ಚಿತ್ರ ಲಗತ್ತಿಸಿದ್ದ.

“ಇದನ್ನ ಹಾಕಿದ್ದು ನೀವೇ ಅಲ್ವಾ?”

ಹೌದು ಎಂದ. ಜನಕ್ಕೆ ತಿಳಿಸುವುದು ಕಾರ್ಯದರ್ಶಿಯ ಕರ್ತವ್ಯ ಎಂದ.

“ಶನಿವಾರ ಬೆಳಿಗ್ಗೆ ತಿಂಡಿ ಹೊತ್ತಿಗೆ ಹಾಕಿದೀರ. ಕರ್ನೂಲಿಂದ ಹಾರಿದ ಹಕ್ಕಿ ಎಷ್ಟೊತ್ತಿಗೆ ಬರುತ್ತೆ?”

“ಬೇಗ ಅಂದ್ರೂ ಮಧ್ಯಾಹ್ನ.”

“ಬರೋ ಹೊತ್ತೇ ಆಗಿರ್ಲಿಲ್ಲ. ಆಗ್ಲೇ ಬರಲ್ಲ ಅಂತ ಸಮಾಧಾನ ಮಾಡ್ತಿದೀರ.”

ಮುನ್ನೆಚ್ಚರಿಕೆಗೆಂದು ಹಾಕಿದ್ದು ಎಂದ ವಿಶ್ವಾರಾಧ್ಯ. ಪತ್ರಿಕೆಯಲ್ಲಿ ಓದಿದ ಮೇಲೆ ಮನಸ್ಸು ತಡೆಯಲಿಲ್ಲವಂತೆ. ವಾಣಿ ಸುಮ್ಮನೆ ತಲೆಯಾಡಿಸಿದಳು. ಪತ್ರಿಕೆಯಲ್ಲಿ ಅದು ಬಂದದ್ದು ಶುಕ್ರವಾರ ಬೆಳಿಗ್ಗೆ. ಮಹಾನಂದನ ವ್ಯಾನು ಹೊರಟಿದ್ದು ಶುಕ್ರವಾರ ಮಧ್ಯಾಹ್ನ. ಸಾಕಿದ ಹಕ್ಕಿಗಳ ಮೇಲೆ ಕಾಳಜಿಯಿದ್ದ ಯಾವ ಕಾರ್ಯದರ್ಶಿಯಾದರೂ ಆಗ ಮಾಡುತ್ತಿದ್ದ ಕೆಲಸ ಒಂದೇ.

“ರೇಸ್ ಯಾಕೆ ಮುಂದಕ್ಕೆ ಹಾಕ್ಲಿಲ್ಲ ನೀವು?”

ವಿಶ್ವಾರಾಧ್ಯ ಬಂಡಲಿನಿಂದ ಈಚೆ ಬಂದಿದ್ದ ಒಂದು ಹಾಳೆಯ ತುದಿಯನ್ನು ಒಳಗೆ ತಳ್ಳಿದ. ಅದು ಮತ್ತೆ ಈಚೆ ಬಂತು. ಮತ್ತೆ ತಳ್ಳಿದ.

“ಬಿರುಗಾಳಿ ಬಂದಿದ್ದಂತೂ ಸುಳ್ಳಲ್ಲ ಮೇಡಂ. ದೊಡ್ಡ ದೊಡ್ಡ ವಿಜ್ಞಾನಿಗಳು ಹೇಳಿದಾರೆ.”

ಅದನ್ನೇ ಹೇಳಲು ಬಂದೆ ಎಂದಳು ವಾಣಿ. ಸೂರ್ಯನ ಕಡೆಯಿಂದ ಮೋಡ ಬಂದದ್ದು ನಿಜ. ಅದರ ಕಾಂತ ಉತ್ತರಕ್ಕಿತ್ತು, ದಕ್ಷಿಣಕ್ಕಿರಲಿಲ್ಲ. ಭೂಮಿಯ ಕಾಂತ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅಳತೆಯ ಗೆರೆ ಇಡೀ ದಿನ ಸಾಧಾರಣ ದಿನದ ಹಾಗೇ ಇತ್ತು. ಅದು ಯಾರು ಬೇಕಾದರೂ ತೆಗೆದು ನೋಡಬಹುದಾದ ದಾಖಲೆ. ಆ ಬೆಳಿಗ್ಗೆ ಕರ್ನೂಲಿನ ಆಕಾಶಕ್ಕೆ ಒಂದು ಹಕ್ಕಿ ಏರಿದ್ದರೂ ಮಧ್ಯಾಹ್ನಕ್ಕೆ ಅದು ಚಾಮರಾಜಪೇಟೆಯಲ್ಲಿರುತ್ತಿತ್ತು.

“ಮೋಡ ಇನ್ನೊಂದು ದಿಕ್ಕಿಗೆ ತಿರುಗಿದ್ದಿದ್ರೆ ನಿಮ್ಮ ಸುಳ್ಳು ಗಟ್ಟಿಯಾಗಿ ನಿಂತಿರೋದು ವಿಶ್ವಾರಾಧ್ಯ ಅವ್ರೇ. ನಿಮ್ಮ ಗ್ರಹಚಾರ, ತಿರುಗ್ಲಿಲ್ಲ.”

ಹೊರಗೆ ಅಂಗಡಿಯಲ್ಲಿ ಕೆಂಪು ಗಣಪತಿಯೇ ಗೆದ್ದ ಹಾಗೆ ಕೇಳಿಸಿತು. ಮಗಳು ನಕ್ಕಳು. ವಿಶ್ವಾರಾಧ್ಯ ಬಂಡಲಿನ ಮೇಲೆ ಕುಸಿದು ಕೂತ. ಅವನು ಅಳಲಿಲ್ಲ. ಅಷ್ಟು ದಿನ ಹೊತ್ತದ್ದನ್ನು ಇಳಿಸುವವನ ಹಾಗೆ, ಯಾವ ಮಾತನ್ನೂ ಒತ್ತಿ ಹೇಳದೆ, ಹೇಳಿಬಿಟ್ಟ.

ಹತ್ತು ವರ್ಷದಿಂದ ಅವನು ಕ್ಲಬ್ಬಿನ ಕಾರ್ಯದರ್ಶಿ. ಒಂದು ಸಲವೂ ಅವನ ಗೂಡಿನ ಹಕ್ಕಿ ಗೆದ್ದಿರಲಿಲ್ಲ. ಎಲ್ಲರ ಬಹುಮಾನಗಳನ್ನು ಬರೆದು, ಹಾರ ತಂದು, ಫೋಟೋದಲ್ಲಿ ತುದಿಗೆ ನಿಲ್ಲುತ್ತಿದ್ದ. ಚಾಮರಾಜಪೇಟೆಯ ಸಿದ್ದಮ್ಮನ ಗೂಡಿನಲ್ಲೊಂದು ವಂಶವಿತ್ತು. ಅವಳ ಹಕ್ಕಿಗಳೇ ಮೂರು ವರ್ಷದಿಂದ ಗೆಲ್ಲುತ್ತಿದ್ದವು. ಒಂದು ಜೊತೆ ಮರಿ ಕೊಡಿ ಎಂದು ಕೇಳಿದರೆ ಅವಳು ಯಾರಿಗೂ ಕೊಡುತ್ತಿರಲಿಲ್ಲ.

ರೇಸಿಗೆ ಹದಿನೈದು ದಿನ ಮುಂಚೆ ಒಬ್ಬರು ಅಂಗಡಿಗೆ ಬಂದರಂತೆ. ವಯಸ್ಸಾದವರು, ಮರ್ಯಾದಸ್ಥರ ಹಾಗಿದ್ದರು. ಚೆನ್ನೈ ಕಡೆಯ ಒಬ್ಬ ಶ್ರೀಮಂತರಿಗೆ ಮರಿ ಮಾಡಿಸಲು ಈ ಕ್ಲಬ್ಬಿನ ಹಕ್ಕಿಗಳು ಬೇಕಾಗಿವೆ ಎಂದರು. ಬಾಗೇಪಲ್ಲಿ ದಾಟಿದ ಮೇಲೆ, ಮುಚ್ಚಿದ ಜಲ್ಲಿ ಕ್ರಷರಿನ ಬಳಿ ತಮ್ಮ ಕಡೆಯವರು ವ್ಯಾನನ್ನು ತಿರುಗಿಸಿಕೊಳ್ಳುತ್ತಾರೆ. ಹಕ್ಕಿಗಳನ್ನು ಬಿಟ್ಟರು, ಬರಲಿಲ್ಲ ಎಂದು ವಿಶ್ವಾರಾಧ್ಯ ಹೇಳಿದರೆ ಸಾಕು. ಸಿದ್ದಮ್ಮನ ವಂಶದ ಒಂದು ಜೊತೆ ಅವನಿಗೆ. ಮಹಾನಂದನಿಗೆ ತಿಳಿಸಿ ಒಪ್ಪಿಸುವುದು ತಮ್ಮ ಜವಾಬ್ದಾರಿ ಎಂದರು.

ಕಾರಣ ಏನು ಹೇಳುವುದೆಂದು ಅವನಿಗೆ ಹೊಳೆದಿರಲಿಲ್ಲ. ಶುಕ್ರವಾರ ಪತ್ರಿಕೆ ಬಿಡಿಸಿದಾಗ ಕಾರಣ ತಾನಾಗಿಯೇ ಸಿಕ್ಕಿತು.

“ಶನಿವಾರ ಫೋನ್ ಮಾಡಿದ್ದು ಮಹಾನಂದನಾ?”

“ಅವನ ಫೋನು. ‘ಬಿಟ್ಟಾಯ್ತು’ ಅಂದ್ರು, ಅಷ್ಟೇ. ಅವನ ದನಿಯಲ್ಲ.”

“ಅವನಿಗೆ ಏನೋ ಆಗಿದೆ ಅಂತ ಅವತ್ತೇ ಗೊತ್ತಾಯ್ತಾ ನಿಮಗೆ?”

“ಅವತ್ತೇ ಗೊತ್ತಾಯ್ತು.”

ವಾಣಿ ತಿರುಗಿದಳು. ಶಿವರಂಜಿನಿ ಯಾವಾಗಲೋ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ ತಿಳಿಯಲಿಲ್ಲ.

“ನಾನು ಬಂದಾಗೆಲ್ಲ ಕಾಫಿ ತರಿಸಿಕೊಟ್ರಿ,” ಎಂದಳು ಅವಳು. “ಬರ್ತಾನೆ ಬಿಡಮ್ಮ, ಗಂಡಸರು ಹಂಗೇ ಅಂದ್ರಿ. ನಾನು ಆ ಮಾತು ನಂಬ್ಕೊಂಡು ಹೋಗಿ ಊಟ ಮಾಡ್ತಿದ್ದೆ.”

ಅವನು ಮುಂದಕ್ಕೆ ಹೋಗಿ ಮದುವೆಯ ಸಂಸಾರವನ್ನು ಕಳಿಸಿಬಂದ.

* * *

ಚಿಕ್ಕಬಳ್ಳಾಪುರದ ಕಡೆ ವಾಣಿಯ ಹಳೆಯ ಸಹೋದ್ಯೋಗಿಯೊಬ್ಬ ಇನ್‌ಸ್ಪೆಕ್ಟರ್ ಆಗಿದ್ದ. ಅನಿರುದ್ಧ ಎಂದು ಹೆಸರು. ಅವನಿಗೆ ಫೋನು ಮಾಡಿ ಕ್ರಷರಿನ ಗುರುತು ಹೇಳಿದಳು. ಹೋಗಿ ನೋಡಿ ತಿಳಿಸುತ್ತೇನೆ ಎಂದ. ಆಮೇಲೆ ಕಾಯುವುದಷ್ಟೇ ಉಳಿಯಿತು.

ವಿಶ್ವಾರಾಧ್ಯ ಅಂಗಡಿಯ ರೋಲಿಂಗ್ ಶಟರನ್ನು ಅರ್ಧ ಇಳಿಸಿದ. ಮೂವರೂ ಒಳಗೆ ಕೂತರು. ಬೀದಿಯಲ್ಲಿ ಹೋಗುವವರ ಕಾಲುಗಳಷ್ಟೇ ಕಾಣುತ್ತಿದ್ದವು. ಗೋಡೆಯ ತುಂಬ ಮಾದರಿ ಕಾಗದಗಳು, ಎಲ್ಲದರಲ್ಲೂ ಯಾರದೋ ಹೆಸರಿನ ಜಾಗ ಖಾಲಿ. ಶಿವರಂಜಿನಿ ಒಂದನ್ನು ಕೈಗೆ ತೆಗೆದುಕೊಂಡು, ಓದದೆ, ಮಡಿಸಿ ಬಿಡಿಸಿ ಮಾಡುತ್ತಿದ್ದಳು.

ಒಮ್ಮೆ ಅವಳು ವಾಣಿಯನ್ನು ಕೇಳಿದಳು, ಕಟ್ಟಿಹಾಕಿ ಎಲ್ಲಾದರೂ ಇಟ್ಟಿರಬಹುದಲ್ಲವೇ ಎಂದು. ಇರಬಹುದು ಎಂದಳು ವಾಣಿ. ಕೇಳಿದವಳಿಗೂ ಹೇಳಿದವಳಿಗೂ ಆ ಮಾತಿನ ಬೆಲೆ ಗೊತ್ತಿತ್ತು. ಮೂರು ವಾರ ಯಾರೂ ಯಾರನ್ನೂ ಕಾರಣವಿಲ್ಲದೆ ಕಟ್ಟಿಹಾಕಿ ಅನ್ನ ಹಾಕುವುದಿಲ್ಲ.

ಬಿಸಿಲು ಇಳಿದು ಬೀದಿಯ ಒಂದು ಪಕ್ಕ ನೆರಳಾದಾಗ ಅನಿರುದ್ಧನ ಫೋನು ಬಂತು. ವಾಣಿ ಎದ್ದು ಬಂಡಲುಗಳ ನಡುವೆ ಹೋಗಿ ನಿಂತು ಕೇಳಿದಳು. ಅವಳು ಒಂದೆರಡು ಮಾತಷ್ಟೇ ಆಡಿದಳು. ಎಲ್ಲ ಬುಟ್ಟಿಗಳನ್ನೂ ನೋಡಿದಿರಾ ಎಂದು ಒಮ್ಮೆ ಕೇಳಿದಳು. ಇನ್ನೊಮ್ಮೆ ನೋಡಿ ಎಂದಳು.

ಬಂದು ಶಿವರಂಜಿನಿಯ ಪಕ್ಕ ಕೂತಳು. ವ್ಯಾನು ಸಿಕ್ಕಿದೆ ಎಂದಳು. ಕ್ರಷರಿನ ತಗಡಿನ ಗೋಡೌನಿನೊಳಗೆ ನಿಲ್ಲಿಸಿ, ಹೊರಗಿನಿಂದ ಬೀಗ ಹಾಕಿದ್ದರು. ಮಹಾನಂದ ಅದರಲ್ಲಿಲ್ಲ. ಅವನ ಚಪ್ಪಲಿ ಇದೆ. ಸೀಟಿನ ಮೇಲೆ ಕಲೆ ಇದೆ, ಅದನ್ನು ಪರೀಕ್ಷೆಗೆ ಕಳಿಸುತ್ತಾರೆ.

ಶಿವರಂಜಿನಿ ತಲೆಯಾಡಿಸಿದಳು. ಚಪ್ಪಲಿ ಯಾವ ಬಣ್ಣ ಎಂದು ಕೇಳಿದಳು. ಕಂದು ಎಂದಳು ವಾಣಿ. ಅವಳು ಮತ್ತೆ ತಲೆಯಾಡಿಸಿದಳು, ಈ ಸಲ ನಿಧಾನವಾಗಿ. ಕೈಯಲ್ಲಿದ್ದ ಕಾಗದವನ್ನು ಜೋಪಾನವಾಗಿ ಪಕ್ಕಕ್ಕಿಟ್ಟಳು.

“ಹಕ್ಕಿಗಳು?” ಎಂದ ವಿಶ್ವಾರಾಧ್ಯ.

ವಾಣಿ ಅವನ ಕಡೆ ನೋಡಿದಳು. ಇಡೀ ದಿನದಲ್ಲಿ ಅವಳಿಗೆ ಅರ್ಥವಾಗದೆ ಉಳಿದ ಸಂಗತಿ ಅದೇ.

“ಹಕ್ಕಿಗಳೆಲ್ಲ ವ್ಯಾನಲ್ಲೇ ಇವೆ. ಬುಟ್ಟಿ ಚಿಲಕ ಯಾವುದೂ ತೆಗೆದಿಲ್ಲ. ನೀರಿಲ್ದೆ ಸತ್ತಿವೆ. ಸಿದ್ದಮ್ಮನ ಹೆಸರಿರೋ ಬುಟ್ಟಿ ಮೇಲಿನ ಸೀಲೂ ಹಂಗೇ ಇದೆ.”

ವಿಶ್ವಾರಾಧ್ಯನ ಬಾಯಿ ತೆರೆದೇ ಇತ್ತು. ಅವನು ಮೊದಲು ಆ ಮಾತನ್ನು ಹಕ್ಕಿ ಸಾಕುವವನಾಗಿ ಕೇಳಿಸಿಕೊಂಡ. ತಗಡಿನ ಕೆಳಗೆ, ಫೆಬ್ರವರಿಯ ಬಿಸಿಲಿನಲ್ಲಿ, ಬುಟ್ಟಿಯಲ್ಲಿ ಕೂತು ಸತ್ತ ಹಕ್ಕಿಗಳು. ಆಮೇಲೆ ಅದರ ಇನ್ನೊಂದು ಅರ್ಥ ಅವನನ್ನು ತಲುಪಿತು.

ಹಕ್ಕಿಗಳು ಯಾರಿಗೂ ಬೇಕಾಗಿರಲಿಲ್ಲ. ಚೆನ್ನೈಯ ಶ್ರೀಮಂತ ಎಂಬುವನು ಇರಲೇ ಇಲ್ಲ. ಅವರಿಗೆ ಬೇಕಾಗಿದ್ದದ್ದು ವ್ಯಾನು ಓಡಿಸುವವನು. ಹಕ್ಕಿಗಳಿಗೆ ದಾರಿ ತಪ್ಪಿತೆಂದು ಊರೆಲ್ಲ ನಂಬಿದರೆ, ಅವನು ನಾಚಿಕೆಗೆ ಓಡಿಹೋದನೆಂದೂ ನಂಬುತ್ತದೆ. ಅಷ್ಟಕ್ಕೇ ಅವರಿಗೆ ಈ ಸುಳ್ಳು ಬೇಕಾಗಿತ್ತು.

“ನೆನಪು ಮಾಡ್ಕೊಳ್ಳಿ,” ಎಂದಳು ವಾಣಿ. “ಆ ಮನ್ಷ ಹಕ್ಕಿಗಳ ಬಗ್ಗೆ ಏನೇನು ಕೇಳಿದ?”

ವಿಶ್ವಾರಾಧ್ಯ ಯೋಚಿಸಿದ. ಯಾವ ಗೂಡಿನ ಹಕ್ಕಿ ಚೆನ್ನಾಗಿದೆ ಎಂದು ಕೇಳಿರಲಿಲ್ಲ. ವಯಸ್ಸು ಕೇಳಿರಲಿಲ್ಲ, ಬಣ್ಣ ಕೇಳಿರಲಿಲ್ಲ. ಸಿದ್ದಮ್ಮನ ವಂಶದ ಮಾತು ತೆಗೆದದ್ದು ಕೂಡ ತಾನೇ ಎಂದು ಈಗ ಅವನಿಗೆ ಹೊಳೆಯಿತು.

“ಒಂದೇ ಮಾತು ಕೇಳಿದ್ದು. ಮಹಾನಂದ ಒಬ್ನೇ ಹೋಗ್ತಾನಾ, ಜೊತೆಗೆ ಯಾರಾದ್ರೂ ಇರ್ತಾರಾ ಅಂತ.”

“ಹೆಸರು?”

ಹೆಸರು ಹೇಳಲಿಲ್ಲವಂತೆ. ಫೋನ್ ನಂಬರೂ ಕೊಟ್ಟಿರಲಿಲ್ಲ. ಬಂದಿದ್ದು ಎರಡು ಸಲ, ಎರಡು ಸಲವೂ ಅಂಗಡಿಗೇ, ಕೌಂಟರಿನ ಆಚೆ ನಿಂತು, ಕಾಗದ ನೋಡುವವರ ಹಾಗೆ ಮಾತಾಡಿ ಹೋಗಿದ್ದರು.

“ಆಮೇಲೆ ನೋಡಿದೀರಾ ಅವರನ್ನ?”

ಅವನು ಶಿವರಂಜಿನಿಯ ಕಡೆಗೆ ನೋಡಿದ, ಕೂಡಲೇ ಕಣ್ಣು ಕೆಳಗೆ ಹಾಕಿದ. ವಾಣಿ ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಕೇಳಿದಳು.

“ಒಂದ್ಸಲ ನೋಡಿದೆ. ಪೊಲೀಸ್ ಸ್ಟೇಷನ್ನಲ್ಲಿ. ಈ ತಾಯಿ ಕಂಪ್ಲೇಂಟ್ ಕೊಡೋಕೆ ಬಂದ ದಿನ ನನ್ನನ್ನೂ ಕರೆಸಿದ್ರು. ಇವರ ಪಕ್ಕದಲ್ಲೇ ನಿಂತಿದ್ರು ಅವರು. ಇವರ ಬ್ಯಾಗು ಹಿಡ್ಕೊಂಡಿದ್ರು. ನನ್ನ ಮುಖ ನೋಡಿ, ಗುರುತೇ ಇಲ್ದೋರಂಗೆ ನಮಸ್ಕಾರ ಮಾಡಿದ್ರು.”

ವಾಣಿ ಶಿವರಂಜಿನಿಯ ಕಡೆಗೆ ತಿರುಗಿದಳು. ಅವಳು ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಅರ್ಧ ಇಳಿಸಿದ ಶಟರಿನ ಕೆಳಗೆ ಹೋಗುವ ಬರುವ ಕಾಲುಗಳನ್ನು ನೋಡುತ್ತ, ಯಾರಿಗೂ ಅಲ್ಲದ ಹಾಗೆ ಹೇಳಿದಳು.

“ಅವತ್ತು ನನ್ನ ಜೊತೆ ಬಂದಿದ್ದು ನಮ್ಮಪ್ಪ ಒಬ್ರೇ.”